ನಂಬಿಕೆಗೆ ಗಣಿತದ ಆಧಾರ: ವಿಜ್ಞಾನ ಸಂಸ್ಥೆಯ ಗಣಕ ವಿಭಾಗ ನಡೆದ ದಾರಿ

ಬೆಂಗಳೂರಿನ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1969ರಲ್ಲಿ ‘ಸ್ಕೂಲ್ ಆಫ್ ಆಟೊಮೇಶನ್’ ಶುರುವಾಯಿತು. ಅದೇ ಮುಂದೆ ಗಣಕ ವಿಜ್ಞಾನ ಮತ್ತು ಸ್ವಯಂಚಾಲನ ವಿಭಾಗವಾಗಿ ಬೆಳೆಯಿತು. ತಮ್ಮ ಪಠ್ಯಪುಸ್ತಕಗಳಿಂದ ದೇಶದ ಒಂದು ಪೀಳಿಗೆಗೇ ಕಂಪ್ಯೂಟರ್ ಕಲಿಸಿದ ಪ್ರೊ. ವಿ. ರಾಜಾರಾಮನ್ 1982ರಲ್ಲಿ ಸಂಸ್ಥೆಗೆ ಬಂದು, ಸೂಪರ್ ಕಂಪ್ಯೂಟರ್ ಕೇಂದ್ರವನ್ನು ಕಟ್ಟಿದರು. ಲೆಕ್ಕವನ್ನು ಬೇಗ ಮಾಡುವುದು ಹೇಗೆ ಎಂಬುದೇ ಆ ಕಾಲದ ದೊಡ್ಡ ಪ್ರಶ್ನೆ.

ಇಂದು ಅದರ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿದೆ: ಜನರ ಗುಟ್ಟು ಬಯಲಾಗದಂತೆ ಲೆಕ್ಕ ಮಾಡುವುದು ಹೇಗೆ? ವಿಭಾಗದ ಪ್ರೊ. ಅರ್ಪಿತಾ ಪಾತ್ರ ಮತ್ತು ಅವರ ವಿದ್ಯಾರ್ಥಿಗಳು ಹಲವು ವರ್ಷಗಳಿಂದ ದುಡಿಯುತ್ತಿರುವುದು ಇದಕ್ಕಾಗಿ.

ಅದರ ತಿರುಳನ್ನು ಶಾಲೆಯ ಗಣಿತದಲ್ಲೇ ಹೇಳಬಹುದು. ಒಂದು ಆಸ್ಪತ್ರೆಯಲ್ಲಿ ಒಂದು ಕಾಯಿಲೆಯ 45 ರೋಗಿಗಳು, ಇನ್ನೊಂದರಲ್ಲಿ 30. ತಮ್ಮ ಸಂಖ್ಯೆಯನ್ನು ಹೊರಗೆ ಹೇಳಲು ಇಬ್ಬರಿಗೂ ಇಷ್ಟವಿಲ್ಲ. ಒಟ್ಟು ಮಾತ್ರ ತಿಳಿಯಬೇಕು. ಮೊದಲನೆಯದು 45ನ್ನು 120, ಋಣ 200, 125 ಎಂದು ಒಡೆದು ಮೂರು ಸರ್ವರ್‌ಗಳಿಗೆ ಹಂಚುತ್ತದೆ. ಎರಡನೆಯದು 30ನ್ನು 70, 10, ಋಣ 50 ಎಂದು ಒಡೆಯುತ್ತದೆ. ಪ್ರತಿ ಸರ್ವರ್ ತನ್ನ ಪಾಲಿನ ಎರಡನ್ನು ಕೂಡಿದಾಗ 190, ಋಣ 190, 75 ಬರುತ್ತವೆ. ಮೂರನ್ನೂ ಸೇರಿಸಿದರೆ 75. ಉತ್ತರ ಸಿಕ್ಕಿತು, 45 ಆಗಲಿ 30 ಆಗಲಿ ಯಾವ ಸರ್ವರ್‌ಗೂ ತಿಳಿಯಲಿಲ್ಲ.

ಕೂಡುವುದು ಸುಲಭ. ಗುಣಿಸುವಾಗ ಸರ್ವರ್‌ಗಳು ಪರಸ್ಪರ ಸಂದೇಶ ಕಳಿಸಬೇಕಾಗುತ್ತದೆ. ಅಲ್ಲಿ ಒಂದು ಸುಳ್ಳು ಹೇಳಿದರೆ ಲೆಕ್ಕವೇ ಕೆಡುತ್ತದೆ. 2020ರಲ್ಲಿ ‘ಬ್ಲೇಜ್’, 2021ರಲ್ಲಿ ‘ಸ್ವಿಫ್ಟ್’ ಎಂಬ ಹೆಸರಿನಲ್ಲಿ ಈ ತಂಡ ಪ್ರಕಟಿಸಿದ ವಿಧಾನಗಳು ಯಂತ್ರಕಲಿಕೆಯನ್ನೂ ಹೀಗೆ ಗುಟ್ಟಾಗಿ ನಡೆಸುತ್ತವೆ. ಮೂರು ಸರ್ವರ್‌ಗಳಲ್ಲಿ ಒಂದು ಮೋಸಕ್ಕಿಳಿದರೂ ಸರಿಯಾದ ಉತ್ತರ ಸಿಕ್ಕೇ ಸಿಗುತ್ತದೆ ಎಂಬುದು ‘ಸ್ವಿಫ್ಟ್’ನ ಹೆಗ್ಗಳಿಕೆ.

ಗಣಿತ ಮುಂದುವರಿದಂತೆ ಕಾನೂನೂ ಹೆಜ್ಜೆ ಹಾಕಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ತೀರ್ಪಿತ್ತದ್ದು 2017ರ ಆಗಸ್ಟ್ 24ರಂದು. ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ 2023ರಲ್ಲಿ ಬಂತು.

ಸಂಶೋಧನೆ ಪ್ರಬಂಧಗಳಲ್ಲೇ ಉಳಿಯಲಿಲ್ಲ. ನಗರಗಳ ದತ್ತಾಂಶವನ್ನು ಒಡೆಯನ ಒಪ್ಪಿಗೆಯಂತೆ ಹಂಚಿಕೊಳ್ಳಲು ಕೇಂದ್ರ ಸರ್ಕಾರದೊಂದಿಗೆ ಸೇರಿ ಸಂಸ್ಥೆ ‘ಇಂಡಿಯಾ ಅರ್ಬನ್ ಡೇಟಾ ಎಕ್ಸ್‌ಚೇಂಜ್’ ರೂಪಿಸಿತು. ರಾಜ್ಯ ಸರ್ಕಾರದ ಸೈಬರ್ ಭದ್ರತಾ ಕೇಂದ್ರ ‘ಸೈಸೆಕ್’ಗೂ ಆಧಾರ ಈ ಸಂಸ್ಥೆಯೇ.

ಕಾನೂನು ತಪ್ಪಿಗೆ ಶಿಕ್ಷೆ ಕೊಡುತ್ತದೆ. ಒಳ್ಳೆಯ ಗಣಿತ ತಪ್ಪಿಗೆ ಅವಕಾಶವನ್ನೇ ಕೊಡುವುದಿಲ್ಲ. ದತ್ತಾಂಶ ಇಟ್ಟುಕೊಂಡವರ ಒಳ್ಳೆಯತನವೊಂದನ್ನೇ ನಾವು ನಂಬಿ ಕೂರಬೇಕಾಗಿಲ್ಲ ಎಂಬುದನ್ನು ಈ ವಿಭಾಗ ತೋರಿಸಿಕೊಟ್ಟಿದೆ. ಈ ವಿದ್ಯೆ ತಾಲ್ಲೂಕು ಕಾಲೇಜುಗಳನ್ನೂ ಮುಟ್ಟಬೇಕು. ಇಲ್ಲಿ ಕಲಿತು ಹೋದವರು ವರ್ಷಕ್ಕೊಮ್ಮೆಯಾದರೂ ತಮ್ಮ ಊರಿನ ಕಾಲೇಜಿಗೆ ಹೋಗಿ, ಇದನ್ನು ಕನ್ನಡದಲ್ಲಿ ಪಾಠ ಹೇಳಲಿ ಎಂಬುದು ನನ್ನ ಕಳಕಳಿಯ ವಿನಂತಿ.