ಕಣ್ಣೂರಿನ ಬೀಡಿ, ಕೋಲಾರದ ಚಿನ್ನ



"ಕೆಲಸ ಇಲ್ಲದೋರಿಗೆ ಸಾಲ ಕೊಟ್ರೆ ತಿಂದು ಕೂರ್ತಾರೆ" ಅನ್ನೋ ಮಾತನ್ನ ಗುಮಾಸ್ತನಾದ ದಿನದಿಂದ ಕೇಳ್ತಾ ಬಂದಿದ್ದೇನೆ. ಹಾಗನ್ನೋರಿಗೆ ಕೇರಳದ ಕಣ್ಣೂರಿನ ಚರಿತ್ರೆ ಹೇಳಬೇಕು. ಅದು ಶುರುವಾಗೋದೇ ನಮ್ಮ ಮಂಗಳೂರಿನಿಂದ.

1966ರಲ್ಲಿ ಬೀಡಿ ಕಾರ್ಮಿಕರ ಕಾಯ್ದೆ ಬಂತು. ದುಡಿಮೆಗೆ ಗೊತ್ತಾದ ಹೊತ್ತು, ಸಂಬಳದ ರಜೆ, ಕೂರೋಕೆ ಗಾಳಿ ಬೆಳಕಿರೋ ಜಾಗ, ಇಂಥವನ್ನೇ ಅದು ಕೇಳಿದ್ದು. ಕೇರಳ ಸರ್ಕಾರ ಅದನ್ನ ಜಾರಿ ಮಾಡ್ತೀವಿ ಅಂದಾಗ ಗಣೇಶ್ ಬೀಡಿಯಂಥ ಮಂಗಳೂರಿನ ಕಂಪನಿಗಳು ಕಣ್ಣೂರಿನಲ್ಲಿ ಬಾಗಿಲು ಹಾಕಿದವು. ಕರ್ನಾಟಕದಲ್ಲಿ ಗುತ್ತಿಗೆದಾರರ ಕೈಲಿ ಮನೆಮನೆಗೆ ಎಲೆ ಹಂಚಿ ಬೀಡಿ ಕಟ್ಟಿಸೋದು ಅವರಿಗೆ ಸಲೀಸು. ಅಲ್ಲಿ ಸುಮಾರು 12,000 ಜನ ಬೀದಿಗೆ ಬಿದ್ದರು.

ಇ.ಎಂ.ಎಸ್. ಸರ್ಕಾರ ಅವರಿಗೆ ತಲಾ ಇಷ್ಟು ಅಂತ ದುಡ್ಡು ಹಂಚಿ ಕೈ ತೊಳ್ಕೊಳ್ಳಲಿಲ್ಲ. 1969ರ ಫೆಬ್ರವರಿಯಲ್ಲಿ ಕೇರಳ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿತು. ಕಾರ್ಮಿಕರ ಷೇರಿಗೂ ಬಹುಪಾಲು ಹಣ ಸರ್ಕಾರವೇ ಸಾಲವಾಗಿ ಕೊಟ್ಟಿತು. ಇದರ ಜಾಣತನ ಇರೋದು ವ್ಯವಸ್ಥೆಯಲ್ಲಿ. ಎಲೆ, ತಂಬಾಕು ಕೊಳ್ಳೋದು, ಬೀಡಿ ಮಾರೋದು ಕೇಂದ್ರ ಸಂಘದ ಹೊಣೆ. ಊರೂರಿನ ಪ್ರಾಥಮಿಕ ಸಂಘಗಳದ್ದು ಕಟ್ಟೋ ಕೆಲಸ. ಅಂದ್ರೆ ಮಾರುಕಟ್ಟೆಯ ತಲೆನೋವು ಒಬ್ಬಂಟಿ ಬಡವನ ತಲೆ ಮೇಲೆ ಬೀಳಲಿಲ್ಲ. ಕೆಲಸದ ಶೆಡ್ಡಲ್ಲಿ ಒಬ್ಬ ಗಟ್ಟಿಯಾಗಿ ಪೇಪರ್ ಓದ್ತಿದ್ದ, ಅವನ ಪಾಲಿನ ಬೀಡಿಯನ್ನ ಉಳಿದವರು ಕಟ್ಟಿಕೊಡ್ತಿದ್ರು. (ನಮ್ಮ ಆಫೀಸಲ್ಲಿ ಪೇಪರ್ ಓದಿದ್ರೆ ಮೆಮೊ.) ಮುಂದೆ ಸಂಘ 40,000 ಜನಕ್ಕೂ ಹೆಚ್ಚು ಕೆಲಸ ಕೊಟ್ಟಿತು. ತಂಬಾಕು ಒಳ್ಳೇದು ಅಂತ ನಾನು ಹೇಳ್ತಿಲ್ಲ. 90ರ ದಶಕದಲ್ಲಿ ಬೀಡಿಗೆ ಬೇಡಿಕೆ ಬಿದ್ದಾಗ ಅವರೇ ಕೊಡೆ, ತಿನಿಸು, ಬಟ್ಟೆ ಕಡೆ ಹೊರಳಿದರು.

ಈಗ ಕೆಜಿಎಫ್ ನೋಡಿ. ಚಿನ್ನದ ಗಣಿಗೆ ಇಳಿದವರಲ್ಲಿ ಹೆಚ್ಚಿನವರು ತಮಿಳು ಸೀಮೆಯಿಂದ ಬಂದ ನಮ್ಮ ದಲಿತರು. 2001ರಲ್ಲಿ ಗಣಿ ಮುಚ್ಚಿತು. ಕಾರ್ಮಿಕರ ಸಂಘವೇ ಗಣಿ ನಡೆಸಲಿ ಅನ್ನೋ ಬೇಡಿಕೆ ಅಲ್ಲೂ ಎದ್ದಿತ್ತು. ಗಣಿ ಮಾತ್ರ ಅವರ ಕೈಗೆ ಬರಲಿಲ್ಲ. ಅವರ ಮಕ್ಕಳು ಇವತ್ತಿಗೂ ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ದುಡಿಯೋಕೆ ಬರ್ತಾರೆ.

ಬಾಬಾಸಾಹೇಬರು 1947ರಲ್ಲೇ 'ರಾಜ್ಯಗಳು ಮತ್ತು ಅಲ್ಪಸಂಖ್ಯಾತರು' ಬರಹದಲ್ಲಿ ಭೂಮಿ ಸರ್ಕಾರದ್ದಾಗಲಿ, ಸಾಗುವಳಿ ಸಾಮೂಹಿಕವಾಗಲಿ, ಎತ್ತು, ಬೀಜ, ಗೊಬ್ಬರದ ಖರ್ಚನ್ನ ಸರ್ಕಾರ ಹೊರಲಿ ಅಂದಿದ್ರು. ನಮಗೆ ಸಿಕ್ಕಿದ್ದು ಒಬ್ಬನಿಗೆ ಒಂದು ಎಮ್ಮೆ. ಎಮ್ಮೆ ಸತ್ರೆ ಸಾಲ ಅವನೊಬ್ಬನದೇ.

ಕೇರಿಯ ಹುಡುಗರು ಈ ಸಲ ಒಬ್ಬೊಬ್ಬರೇ ಅರ್ಜಿ ಹಾಕೋಕೆ ಮುಂಚೆ ಒಂದು ಸಂಜೆ ಕೂತು ಮಾತಾಡಿ. ಹತ್ತು ಜನ ಸೇರಿದ್ರೆ ಯಾವ ಸಂಘ ನೋಂದಾಯಿಸಬಹುದು, ಮಾಲು ಯಾರು ಕೊಳ್ತಾರೆ, ಲೆಕ್ಕ ಯಾರು ಬರೀತಾರೆ? ಅರ್ಜಿ, ಬೈಲಾ ಬರೆದುಕೊಡೋಕೆ ನಾನಿದ್ದೀನಿ. ಭಾನುವಾರ ಬಿಡುವಿರುತ್ತೆ.