ರುಜು ಎಂದರೆ ಸಹಿಯಷ್ಟೇ ಅಲ್ಲ

1779ರಲ್ಲಿ ಚಿತ್ರದುರ್ಗ ಹೈದರಾಲಿಯ ವಶವಾಯಿತು. ಟಿಪ್ಪುವಿನ ಕಾಲಕ್ಕೆ ಸರ್ಕಾರಿ ಕಾಗದಪತ್ರಗಳಲ್ಲಿ ಪಾರ್ಸಿ ಬಲವಾಯಿತು. ವಕೀಲ, ಅರ್ಜಿ, ಜಾಮೀನು, ರಾಜಿ ಇವೆಲ್ಲ ಪಾರ್ಸಿಯ ದಾರಿಯಾಗಿಯೇ ಕನ್ನಡಕ್ಕೆ ಬಂದವು. ಕೆಲವು ಅದಕ್ಕೂ ಮೊದಲೇ ಬಂದಿದ್ದವು. ಇಂದು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕಚೇರಿಗಳಲ್ಲಿ ಅವು ಯಾರಿಗೂ ಪರಕೀಯವಲ್ಲ.

ಮುಸ್ಲಿಂ ದಂಪತಿಗಳ ನಡುವೆ ಸಂಧಾನಕ್ಕೆ ಕೂರುವವರಿಗೆ ತೊಡಕಾಗುವುದು ಈ ಪರಿಚಯವೇ. ಕಚೇರಿ ಕನ್ನಡದಲ್ಲಿ ‘ರುಜು’ ಎಂದರೆ ಸಹಿ. ಷರಿಯತ್ತಿನಲ್ಲಿ ‘ರುಜು’ ಎಂದರೆ, ತಲಾಕ್ ಹೇಳಿದ ಗಂಡ ಇದ್ದತ್ ಅವಧಿಯೊಳಗೆ ಹೆಂಡತಿಯನ್ನು ಮರಳಿ ಸ್ವೀಕರಿಸುವುದು. ನಮ್ಮ ‘ಖುಲಾಸೆ’ ಆರೋಪದಿಂದ ಬಿಡುಗಡೆ. ‘ಖುಲಾ’ ಹೆಂಡತಿಯೇ ಕೇಳಿ ಪಡೆಯುವ ವಿಚ್ಛೇದನ, ಸಾಮಾನ್ಯವಾಗಿ ಮೆಹರ್ ಬಿಟ್ಟುಕೊಟ್ಟು. ಮನೆಯಲ್ಲಿ ದಖನಿ ಆಡಿ ಶಾಲೆಯಲ್ಲಿ ಕನ್ನಡ ಓದಿದ ಹೆಣ್ಣುಮಗಳು, ಅರಬ್ಬಿ ಮಾತುಗಳ ಕಾಗದಕ್ಕೆ ರುಜು ಹಾಕುವಾಗ ತಾನು ಏನು ಬಿಟ್ಟುಕೊಡುತ್ತಿದ್ದೇನೆಂದು ತಿಳಿದಿರಬೇಡವೇ?

ಗಂಡನ ಕಡೆಯಿಂದೊಬ್ಬ, ಹೆಂಡತಿಯ ಕಡೆಯಿಂದೊಬ್ಬ ಮಧ್ಯಸ್ಥ ಇರಲೆಂದು ಕುರಾನಿನ ನಾಲ್ಕನೆಯ ಅಧ್ಯಾಯ ಹೇಳುತ್ತದೆ. ತಲಾಕಿಗೆ ಮುನ್ನ ಇಂಥ ಸಂಧಾನ ನಡೆದಿರಬೇಕೆಂದು 2002ರ ಶಮೀಮ್ ಆರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೆ 1880ರ ಖಾಜಿಗಳ ಕಾಯಿದೆ ಖಾಜಿಗೆ ನ್ಯಾಯಾಧಿಕಾರ ಕೊಟ್ಟಿಲ್ಲ. ದಾರುಲ್ ಖಜಾದ ನಿರ್ಣಯವನ್ನು ಯಾರ ಮೇಲೂ ಹೇರುವಂತಿಲ್ಲವೆಂದು 2014ರಲ್ಲಿ ಅದೇ ಕೋರ್ಟು ಸ್ಪಷ್ಟಪಡಿಸಿತು. ಉಳಿಯುವುದು ಒಪ್ಪಿಗೆಯೊಂದೇ. ‘ರಾಜಿ’ಯ ಅರಬ್ಬಿ ಮೂಲಾರ್ಥವೂ ಅದೇ. ಆದ್ದರಿಂದ ಮಧ್ಯಸ್ಥ ಅರಬ್ಬಿ ಬಲ್ಲವನಾದರಷ್ಟೇ ಸಾಲದು. ಕರಾರನ್ನು ದಖನಿಯಲ್ಲೋ ಕನ್ನಡದಲ್ಲೋ ಓದಿ ಹೇಳಬೇಕು, ‘ರುಜು’ ಬಂದಲ್ಲಿ ಯಾವ ರುಜು ಎಂದು ಬಿಡಿಸಬೇಕು.