ಕೊಂಡಿಯ ಬಾಲ



ಕಳೆದ ದೀಪಾವಳಿಯ ಸಮಯದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮೊಬೈಲಿಗೆ ಒಂದು ಕೊಂಡಿಯನ್ನು ಕಳುಹಿಸಿ, "ಮೇಷ್ಟ್ರೇ, ನಿಮ್ಮ ಕಣ್ಣಿಗೆ ಈ ಓದುವ ದೀಪವೇ ಸರಿ, ತಗೊಳ್ಳಿ" ಎಂದು ಬರೆದಿದ್ದನು. ಅವನ ಮಾತನ್ನು ನಂಬಿ ಕೊಂಡೆ. ದೀಪವೇನೋ ಚೆನ್ನಾಗಿಯೇ ಇದೆ. ಆದರೆ ಕೊಂಡಿಯನ್ನು ನೋಡಿದ ನನ್ನ ಮಗಳು, "ಅಪ್ಪಾ, ಇದರಲ್ಲಿ ಅವರಿಗೆ ಕಮಿಷನ್ ಸಿಕ್ಕಿರುತ್ತೆ" ಎಂದಾಗ ಮನಸ್ಸಿಗೆ ಪಿಚ್ಚೆನಿಸಿತು. ಇತಿಹಾಸದ ಮೇಷ್ಟ್ರಾದ ನನಗೆ ಈ ಪದ್ಧತಿಯ ಮೂಲವನ್ನು ಹುಡುಕದೆ ಸಮಾಧಾನವಾಗಲಿಲ್ಲ.

ವ್ಯಾಪಾರ ಕುದುರಿಸಿದವನಿಗೆ ಪಾಲು ಕೊಡುವುದು ಹೊಸತೇನಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವುದನ್ನು ನಿಮ್ಮಲ್ಲಿ ಹಲವರು ಕಂಡಿರುತ್ತೀರಿ. ಅಲ್ಲಿ ಬೆಲೆ ಗುಟ್ಟು; ಆದರೆ ದಲ್ಲಾಳಿ ಯಾರೆಂಬುದು ಜಾತ್ರೆಗೆಲ್ಲ ಗೊತ್ತು.

ಗಣಕಯಂತ್ರದ ಜಗತ್ತಿಗೆ ಈ ದಲ್ಲಾಳಿ ಬಂದದ್ದು ಅಮೆರಿಕದಲ್ಲಿ. 1989ರಲ್ಲಿ ವಿಲಿಯಂ ಟೋಬಿನ್ ಎಂಬವರು ಪ್ರಾಡಿಜಿ ಎಂಬ ಗಣಕಜಾಲದಲ್ಲಿ ಹೂವಿನ ಅಂಗಡಿ ತೆರೆದು, ಮಾರಾಟದ ಒಂದು ಪಾಲನ್ನು ಆ ಜಾಲಕ್ಕೆ ಕೊಟ್ಟರು. 1994ರಲ್ಲಿ ಓಲಿಂ ಸಹೋದರರ ಸಿಡಿನೌ ಎಂಬ ಸಂಗೀತದ ಅಂಗಡಿಯು, ತನ್ನಲ್ಲಿಗೆ ಗಿರಾಕಿಗಳನ್ನು ಕಳುಹಿಸುವ ಇತರ ಜಾಲತಾಣಗಳಿಗೆ ಪಾಲು ಕೊಡತೊಡಗಿತು. 1996ರ ಜುಲೈನಲ್ಲಿ ಅಮೆಜಾನ್ ಇದನ್ನೇ ಪುಸ್ತಕಗಳಿಗೆ ಅನ್ವಯಿಸಿ, ಸಾಮಾನ್ಯ ಓದುಗನೂ ದಲ್ಲಾಳಿಯಾಗುವಂತೆ ಮಾಡಿತು. 2007ರಲ್ಲಿ ನಮ್ಮ ಬೆಂಗಳೂರಿನಲ್ಲಿ ಪುಸ್ತಕ ಮಾರುತ್ತ ಆರಂಭವಾದ ಫ್ಲಿಪ್‌ಕಾರ್ಟ್ ಕೂಡ ಮುಂದೆ ಇದೇ ಹಾದಿ ಹಿಡಿಯಿತು.

ಗಿರಾಕಿಯನ್ನು ಕಳುಹಿಸಿದವರು ಯಾರೆಂದು ಅಂಗಡಿಗೆ ತಿಳಿಯುವುದು ಹೇಗೆ? ಕೊಂಡಿಯ ಬಾಲದಿಂದ. ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಬರುವ ಭಾಗವನ್ನು ಗಮನಿಸಿ. ಅಮೆಜಾನ್ ಕೊಂಡಿಯಾದರೆ ಇಂಗ್ಲಿಷಿನಲ್ಲಿ 'ಟ್ಯಾಗ್' ಎಂಬ ಪದ, ಸಮಚಿಹ್ನೆ, ಬಳಿಕ ಒಂದು ಹೆಸರು. ಭಾರತದಲ್ಲಿ ಆ ಹೆಸರು 21ರಿಂದ ಕೊನೆಗೊಳ್ಳುತ್ತದೆ. ಫ್ಲಿಪ್‌ಕಾರ್ಟಿನಲ್ಲಿ 'ಅಫ್‌ಐಡಿ' ಎಂಬ ಗುರುತು. ಚಿಕ್ಕದಾಗಿಸಿದ ಕೊಂಡಿಯಲ್ಲಿ ಈ ಬಾಲ ಕಾಣದು. ತೆರೆದ ಮೇಲೆ ಪೂರ್ಣ ವಿಳಾಸವನ್ನು ನೋಡಬೇಕು. 1994ರಲ್ಲಿ ನೆಟ್‌ಸ್ಕೇಪಿನ ಲೂ ಮೊಂಟುಲ್ಲಿ ರೂಪಿಸಿದ 'ಕುಕಿ' ಎಂಬ ಪುಟ್ಟ ಗುರುತು ಕೂಡ ನಮ್ಮ ಯಂತ್ರದಲ್ಲಿ ಉಳಿಯುತ್ತದೆ. ಆದುದರಿಂದಲೇ ದೀಪದ ಕೊಂಡಿಯನ್ನು ಒತ್ತಿ, ದೀಪದ ಬದಲು ಕುಕ್ಕರ್ ಕೊಂಡರೂ ಕಳುಹಿಸಿದವನಿಗೆ ಪಾಲು ಸಿಗಬಹುದು. ಅಮೆಜಾನಿನಲ್ಲಿ ಇದಕ್ಕೆ ಸಾಮಾನ್ಯವಾಗಿ 24 ಗಂಟೆಗಳ ಅವಧಿಯಿದೆ. ಜನರಿಗೆ ಅರಿವಿಲ್ಲದಂತೆ ಇಂತಹ ಕುಕಿಗಳನ್ನು ತುಂಬಿ ಈಬೇ ಸಂಸ್ಥೆಗೆ ವಂಚಿಸಿದ ಇಬ್ಬರಿಗೆ 2014ರಲ್ಲಿ ಅಮೆರಿಕದ ನ್ಯಾಯಾಲಯವು ಸೆರೆವಾಸ ವಿಧಿಸಿತು.

ಕೊಂಡಿಯನ್ನು ರಚಿಸುವುದು ಕಷ್ಟವಲ್ಲ. ಅಂಗಡಿಯ ಯೋಜನೆಗೆ ಅರ್ಜಿ ಹಾಕಿ, ಕೊಂಡಿಗಳನ್ನು ಎಲ್ಲಿ ಪ್ರಕಟಿಸುವಿರೆಂದು ತಿಳಿಸಬೇಕು. ಒಪ್ಪಿಗೆ ದೊರೆತರೆ ಗುರುತಿನ ಹೆಸರೊಂದು ಸಿಗುತ್ತದೆ. ವಸ್ತುವಿನ ಪುಟದಲ್ಲಿ ಅಂಗಡಿಯೇ ಒದಗಿಸಿದ ಸಾಧನವು ಆ ಹೆಸರನ್ನು ಸೇರಿಸಿ ಕೊಂಡಿಯನ್ನು ಸಿದ್ಧಪಡಿಸುತ್ತದೆ. ತನ್ನ ಕೊಂಡಿಯಿಂದ ತಾನೇ ಕೊಂಡು ಪಾಲು ಪಡೆಯುವುದನ್ನು ಅಮೆಜಾನಿನ ನಿಯಮ ನಿಷೇಧಿಸುತ್ತದೆ. ಕೊಂಡಿಯ ಕಾರಣದಿಂದ ಗಿರಾಕಿಯು ಹೆಚ್ಚು ಬೆಲೆ ತೆರಬೇಕಾಗಿಲ್ಲ. ಪಾಲು ಕೊಡುವುದು ಅಂಗಡಿ.

ಹಾಗಾದರೆ ನನಗೇಕೆ ಪಿಚ್ಚೆನಿಸಿತು? ಅವನು ಅದನ್ನು ಹೇಳಲಿಲ್ಲವೆಂಬುದಕ್ಕೆ. ಹಣದ ಸಂಬಂಧವಿದ್ದರೆ ಅದನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ನಮ್ಮ ಕೇಂದ್ರ ಸರ್ಕಾರವೂ 2023ರ ಜನವರಿಯಲ್ಲಿ ಸಮಾಜಜಾಲಗಳ ಪ್ರಭಾವಿಗಳಿಗೆ ಮಾರ್ಗಸೂಚಿ ನೀಡಿತು. ಆದರೆ ಗುರುಶಿಷ್ಯರ ನಡುವೆ ಮಾರ್ಗಸೂಚಿ ಬೇಕೇ?

ಫೋನು ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೆಲಸ ಹೋಗಿ ಆರು ತಿಂಗಳಾಯ್ತು ಮೇಷ್ಟ್ರೇ, ಹೇಳೋಕೆ ಸಂಕೋಚ ಆಯ್ತು" ಎಂದನು. ನಾನು, "ದಲ್ಲಾಳಿಯ ಕೂಲಿ ಕಳ್ಳತನವಲ್ಲಪ್ಪಾ. ಮೊದಲೇ ಹೇಳಿದ್ದರೂ ಕೊಳ್ಳುತ್ತಿದ್ದೆ, ಇನ್ನೂ ಸಂತೋಷದಿಂದ" ಎಂದೆ.

ಹೋದ ವಾರ ಇನ್ನೊಂದು ಕೊಂಡಿ ಬಂದಿತು, ಒಂದು ನಿಘಂಟಿನದು. ಮೊದಲ ಸಾಲಿನಲ್ಲಿಯೇ, "ಇದರಲ್ಲಿ ನನಗೆ ಪಾಲಿದೆ ಮೇಷ್ಟ್ರೇ" ಎಂದಿತ್ತು. ಅದೇ ಕೊಂಡಿಯನ್ನು ಒತ್ತಿ ನಿಘಂಟನ್ನು ತರಿಸಿಕೊಂಡೆ. ಈಗ ಅದನ್ನು ಅವನದೇ ದೀಪದ ಬೆಳಕಿನಲ್ಲಿ ಓದುತ್ತಿದ್ದೇನೆ.